ಕೆಳಗಿಳಿಯುವ ರಾಕೆಟ್ಟಿಗೆ ಕೊಡೆ ಮಡಿಸಿದ ಅಕ್ಕ

ಮಡಿಕೆಯಕ್ಕ ಮಡಿಸಿದ ಕೊಡೆಯಲ್ಲಿ ಒಂದೇ ಒಂದು ತಪ್ಪು ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಒಂದು ಕಡೆ ಅಲ್ಲ, ಎರಡೂ ಕಡೆ. ಈ ಮಾತನ್ನು ನಾನು ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳುತ್ತಾ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಆಗಿನ ನನ್ನ ಮೀಸೆ ಸಾಮಾನ್ಯದ್ದಲ್ಲ. ಎಡಕ್ಕೊಂದು ಬಲಕ್ಕೊಂದು ಕಾಗೆ ಕೂತು ಮಧ್ಯಾಹ್ನದ ನಿದ್ದೆ ತೆಗೆಯಬಹುದಾಗಿತ್ತು. ಅಂಥ ಆಸ್ತಿಯನ್ನೇ ಪಣಕ್ಕಿಟ್ಟಿದ್ದೆನೆಂದರೆ ಅಕ್ಕನ ಮೇಲೆ ನನಗೆಷ್ಟು ನಂಬಿಕೆ ಇತ್ತು, ಲೆಕ್ಕ ಹಾಕಿ.

ಕೊಡೆ ಎಂದರೆ ಮಳೆಯ ಕೊಡೆಯಲ್ಲ, ಪ್ಯಾರಾಚೂಟು. ಆ ಹೆಸರು ಹೇಳುವಷ್ಟು ತ್ರಾಣ ಯಾರಲ್ಲೂ ಉಳಿದಿರದ ಕಾರಣ ನಮ್ಮ ಕಡೆ ಎಲ್ಲರೂ ಕೊಡೆ ಎಂದೇ ಕರೆಯುತ್ತಿದ್ದೆವು. ನಮ್ಮದು ರಾಕೆಟ್ ಹಾರಿಸುವ ಜಾಗ. ಒಂದು ಕಬ್ಬಿಣದ ಗೋಪುರ, ತಗಡಿನ ಮಾಡಿನ ಆರು ಶೆಡ್ಡು, ಅವುಗಳ ಆಚೆ ಕಣ್ಣು ಹಾಯುವವರೆಗೂ ಹುಲ್ಲೂ ಹುಟ್ಟದ ಬಯಲು. ಬೇರೆಯವರ ರಾಕೆಟ್ಟುಗಳು ಮೇಲೆ ಹೋಗಲು ಹುಟ್ಟಿದರೆ ನಮ್ಮದು ಕೆಳಗೆ ಬರಲು ಹುಟ್ಟಿದ್ದು. ಮೊದಲ ಬೆಂಕಿ ಅದನ್ನು ಮೇಲಕ್ಕೆ ಒಯ್ಯಬೇಕು. ತುದಿಯಲ್ಲಿ ಅದು ತಲೆ ಕೆಳಗೆ ಮಾಡಬೇಕು. ಆಗ ಎರಡನೇ ಬೆಂಕಿ ಹೊತ್ತಿ ಅದನ್ನು ಭೂಮಿಯ ಕಡೆಗೇ ಒದ್ದು ಕಳಿಸಬೇಕು. ಆ ರಭಸಕ್ಕೆ ಗಾಳಿ ತಾಗಿ ಮೂತಿ ಎಷ್ಟು ಕಾಯುತ್ತದೆ, ಕರಗುತ್ತದೋ ಉಳಿಯುತ್ತದೋ ನೋಡಬೇಕು. ಉಳಿದರೆ, ವೇಗ ತಗ್ಗಿದ ಮೇಲೆ ಕೊಡೆ ಬಿಚ್ಚಿ ಮೂತಿಯನ್ನು ಮೆಲ್ಲಗೆ ಬಯಲಿಗೆ ಇಳಿಸಬೇಕು. ಮೂತಿ ಸಿಕ್ಕರೆ ಒಳಗಿನ ಯಂತ್ರ ಬರೆದಿಟ್ಟ ಕಾಗದ ಸಿಗುತ್ತದೆ. ಸಿಗದಿದ್ದರೆ ನಾವು ಪಟಾಕಿ ಹೊಡೆದ ಹಾಗೆ.

ಆ ಕೊಡೆ ಮಡಿಸುವವಳು ಅಕ್ಕ. ಅಷ್ಟುದ್ದದ ಮೇಜಿನ ಮೇಲೆ, ಒಂದು ಡೇರೆಯಷ್ಟು ಬಟ್ಟೆಯನ್ನು ಮಡಿಸಿ ಮಡಿಸಿ, ಮೊಣಕಾಲು ಕೊಟ್ಟು ಅದುಮಿ, ಬಕೆಟ್ಟಿನಷ್ಟು ಡಬ್ಬಿಯೊಳಗೆ ತುಂಬುವುದು ಅವಳ ಕೆಲಸ. ಮಡಿಸುವುದು ಕೈಗೆ ಎಷ್ಟು ಹತ್ತಿತ್ತೆಂದರೆ ಎದುರಿಗೆ ಏನಿದ್ದರೂ ಮಡಿಸಿಬಿಡುತ್ತಿದ್ದಳು: ಪೇಪರು, ಚಹಾದ ಪೊಟ್ಟಣ, ಬೇರೆಯವರ ರಜೆ ಚೀಟಿ. ಒಮ್ಮೆ ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ನನ್ನ ಅಂಗಿಯ ತೋಳನ್ನು ಎಂಟು ಸಮ ಮಡಿಕೆ ಮಾಡಿ ಹೋಗಿದ್ದಳು. ಇನ್ನೊಂದು ನಿಮಿಷ ನಿದ್ದೆ ಮಾಡಿದ್ದರೆ ನಾನೂ ಡಬ್ಬಿಯೊಳಗಿರುತ್ತಿದ್ದೆ.

ನಾನು ಟೈಪಿಸ್ಟು. ಅವಳ ಶೆಡ್ಡಿಗೂ ನನ್ನ ಕೋಣೆಗೂ ನಡುವೆ ಎದೆಮಟ್ಟದ ಗೋಡೆ. ಅವಳ ನಿಟ್ಟುಸಿರು ನನಗೆ, ನನ್ನ ಟೈಪ್ ಮೆಷಿನ್ನಿನ ಸದ್ದು ಅವಳಿಗೆ, ಪುಕ್ಕಟೆ. ನನ್ನ ಮೇಜಿನ ಒಂದು ಕಾಲು ಮೋಟು. ನಾನು ಒಂದು ಅಕ್ಷರ ಹೊಡೆದರೆ ಮೇಜು ಎರಡು ಹೊಡೆಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ನಿಜ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಕೊಡೆ ಒಂದೂ ತಪ್ಪಲಿಲ್ಲ ನಿಜ, ಆದರೆ ಆರು ವರ್ಷ ಒಂದೂ ಬಿಚ್ಚಲೂ ಇಲ್ಲ. ಬಿಚ್ಚುವ ಅವಕಾಶ ಬಂದರಲ್ಲವೇ? ಮೊದಲ ರಾಕೆಟ್ಟು ಗೋಪುರದಲ್ಲೇ ಕೂತು ಹೊಗೆ ಬಿಟ್ಟಿತು. ಎರಡನೆಯದಕ್ಕೆ ಮೇಲಕ್ಕಿಂತ ಪಕ್ಕ ಇಷ್ಟವಾಯಿತು. ನಾಲ್ಕನೆಯದು ಮೇಲೆ ಹೋಗಿ ತಲೆ ಕೆಳಗೆ ಮಾಡುವುದನ್ನೇ ಮರೆತು ಹಾಗೇ ಹೊರಟುಹೋಯಿತು. ಚಂದ್ರನ ಮೇಲೆ ಒಂದು ಹೊಸ ಗುಳಿ ಬಿದ್ದಿದ್ದರೆ ಅದು ನಮ್ಮದು. ಹೀಗೆ ಹನ್ನೊಂದು. ಹನ್ನೊಂದರಲ್ಲೂ ಅಕ್ಕನ ಕೊಡೆ ಮಡಿಸಿದ್ದು ಮಡಿಸಿದಂತೆಯೇ ಸುಟ್ಟೋ ಹೂತೋ ಹೋಯಿತು.

ಹನ್ನೆರಡನೆಯದೇ ಕೊನೆ ಎಂದು ಇಡೀ ಜಾಗ ನೋಡಿಕೊಳ್ಳುವ ಸಾಹೇಬರು ಹೇಳಿಬಿಟ್ಟಿದ್ದರು. ಅದೂ ಹೋದರೆ ಶೆಡ್ಡು ಮುಚ್ಚುತ್ತಾರೆ, ಎಲ್ಲರೂ ಬೇರೆ ಬೇರೆ ಕಡೆ.

"ಆಗಲಿ ಬಿಡೋ," ಎಂದಳು ಅಕ್ಕ. "ಮುಚ್ಚಲಿ. ಆದ್ರೆ ಒಂದೇ ಒಂದು ಸಲ ನನ್ನ ಕೊಡೆ ಬಿಚ್ಚಿದ್ದು ಈ ಕಣ್ಣಲ್ಲಿ ನೋಡ್ಬೇಕು. ಆರು ವರ್ಷ ಅಡುಗೆ ಮಾಡಿ ಯಾರೂ ಉಣ್ಣದೆ ಎದ್ದು ಹೋದ್ರೆ ಹೇಗಿರುತ್ತೆ, ಹೇಳು?"

ನನ್ನ ಚಹಾವನ್ನೇ ಗೋಡೆಯ ಮೇಲಿಂದ ಅವಳತ್ತ ದಾಟಿಸಿದೆ. ಅಪರೂಪಕ್ಕೆ ಹಾಗಾಗುತ್ತದೆ.

ಹನ್ನೆರಡನೆಯದು ಹಾರಿದ್ದರೆ ಚೆನ್ನಾಗಿತ್ತು. ಅದು ಹತ್ತೊಂಬತ್ತು ಸಲ ಮುಂದಕ್ಕೆ ಹೋಯಿತು. ಗಾಳಿ ಹೆಚ್ಚು, ಮೋಡ ಹೆಚ್ಚು, ಬ್ಯಾಟರಿ ಕಡಿಮೆ, ಬೆಂಕಿ ಹೊತ್ತಿಸುವ ಗಡಿಯಾರ ಹಿಂದೆ, ಕ್ಯಾಮೆರಾದ ಕೊಳವೆಯೊಳಗೆ ಹಕ್ಕಿ ಗೂಡು. ಪ್ರತಿ ಸಲ "ಮುಂದೂಡಲಾಗಿದೆ" ಎಂದು ಹೊಡೆದು ಹೊಡೆದು ನನ್ನ ಮೆಷಿನ್ನಿನ 'ಮ' ಅಕ್ಷರ ಸವೆದು, ಕೊನೆಕೊನೆಗೆ ಕಾಗದದಲ್ಲಿ ಅದರ ಜಾಗಕ್ಕೆ ತೂತು ಬೀಳುತ್ತಿತ್ತು. ನಮ್ಮ ಸಾಹೇಬರನ್ನು ಎಲ್ಲರೂ ಹಿಂದಿನಿಂದ ಮುಂದೂಡು ಸಾಹೇಬರೆಂದೇ ಕರೆಯುತ್ತಿದ್ದೆವು. ಪಾಪ, ಅವರ ಕಣ್ಣಿನ ಕೆಳಗಿನ ಚೀಲಗಳಲ್ಲಿ ಒಂದೊಂದು ಸೇರು ಧಾನ್ಯ ತುಂಬಬಹುದಿತ್ತು.

ಬೇರೆಯವರಿಗೆ ಮುಂದೂಡುವುದೆಂದರೆ ಕಾಯುವುದು. ಅಕ್ಕನಿಗೆ ಹಾಗಲ್ಲ. ಮಡಿಸಿಟ್ಟ ಕೊಡೆ ಹತ್ತು ದಿನದ ಮೇಲೆ ಡಬ್ಬಿಯಲ್ಲಿರಬಾರದು, ಮಡಿಕೆ ಅಂಟಿಕೊಳ್ಳುತ್ತದೆ. ಬಿಚ್ಚಬೇಕು, ಎತ್ತರದ ಕೋಣೆಯಲ್ಲಿ ಒಂದು ದಿನ ತೂಗುಹಾಕಿ ಗಾಳಿಗೆ ಬಿಡಬೇಕು, ಮತ್ತೆ ಮೊದಲಿಂದ ಮಡಿಸಬೇಕು. ಇಪ್ಪತ್ತನಾಲ್ಕು ಬಟ್ಟೆಪಟ್ಟಿ, ಇಪ್ಪತ್ತನಾಲ್ಕು ಸಣ್ಣ ಹಗ್ಗ. ಮಡಿಸಿದ್ದು ಜಾರದಂತೆ ಮೇಲಿಡಲು ಬಟ್ಟೆಯ ಮರಳುಚೀಲಗಳು, ಏಳು. ಹಗ್ಗಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಅವನ್ನು ಸೇರಿಸಿ ಕಟ್ಟಲು ಒಂದು ಕೆಂಪು ದಾರ. ಡಬ್ಬಿ ಮುಚ್ಚುವ ಮೊದಲು ಆ ದಾರ ಎಳೆದು ತೆಗೆಯಬೇಕು. ಒಳಗೆ ಉಳಿದರೆ ಹಗ್ಗ ಹರಡುವುದಿಲ್ಲ, ಕೊಡೆ ಒದ್ದೆ ಪಂಚೆಯ ಹಾಗೆ ಸುತ್ತಿಕೊಂಡೇ ನೆಲಕ್ಕೆ ಬರುತ್ತದೆ. ತೆಗೆದ ದಾರವನ್ನು ಅಕ್ಕ ಎಡಗೈ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಳು. ನಮಗೆಲ್ಲ ಅದು ಅವಳ ಬಳೆಯಷ್ಟೇ ಮಾಮೂಲು. ಮರಳುಚೀಲಕ್ಕೆ ಲೆಕ್ಕವಿತ್ತು: ಕೆಲಸ ಮುಗಿದ ಮೇಲೆ ಶೆಲ್ಫಿನಲ್ಲಿ ಏಳೂ ಇರಬೇಕು. ಒಂದು ಕಡಿಮೆಯಾದರೂ ಕೊಡೆ ಕೆಳಗಿಳಿಸಿ ಬಿಚ್ಚಬೇಕೆಂದು ಕಟ್ಟಪ್ಪಣೆ. ನಾನೇ ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದೆ. ದಾರಕ್ಕೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ, ಮೊಳೆಯಲ್ಲಿ ಅಂಥವು ಹತ್ತಾರು ನೇತಾಡುತ್ತಿದ್ದವು.

ಇಪ್ಪತ್ತನೆಯ ಸಲ ಮಡಿಸುವ ಹೊತ್ತಿಗೆ ಅಕ್ಕನ ಬೆರಳಿನ ಗಂಟುಗಳು ಊದಿಕೊಂಡಿದ್ದವು. ನಿಂತುಕೊಂಡೇ ನಿದ್ದೆ ಮಾಡುವುದನ್ನು ಕುದುರೆಗಳು ಅವಳಿಂದ ಕಲಿಯಬೇಕಿತ್ತು. ಗೋಡೆಯ ಮೇಲಿಂದ ಇಣುಕಿ "ಅಕ್ಕಾ, ಚಹಾ ಆರಿಹೋಯ್ತು" ಅಂದರೆ, "ಆರಲಿ, ನಾನೂ ಆರಿದ್ದೀನಿ" ಎನ್ನುತ್ತಿದ್ದಳು.

ಮನೆಯಲ್ಲೂ ಅದೇ ಕಥೆ. ಅಕ್ಕನ ಗಂಡ ನಮ್ಮ ಸ್ಟಾಫ್ ಬಸ್ಸಿನ ಡ್ರೈವರು, ನನಗೆ ಭಾವ. ಮೂರು ಮಾತಿನಲ್ಲಿ ದಿನ ಮುಗಿಸುವ ಮನುಷ್ಯ. ಅವಳ ಅತ್ತೆಗೆ ಕಿವಿ ಮಂದ, ಬಾಯಿ ಚುರುಕು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಕ್ಕ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು:

"ಏನೇ, ಬಂತಾ ಗಾಡಿ?"

"ಗಾಡಿ ಅಲ್ಲ ಅತ್ತೆ, ರಾಕೆಟ್ಟು. ಇನ್ನೂ ಹೋಗೇ ಇಲ್ಲ."

"ಹೋಗದೆ ಇರೋ ಗಾಡಿಗೆ ದಿನಾ ಬೆಳಿಗ್ಗೆ ಎದ್ದು ಹೋಗ್ತೀಯಲ್ಲೇ! ಸ್ಟೇಷನ್ ಮಾಸ್ಟರಿಗೆ ನಾಚಿಕೆ ಆಗಲ್ವಾ?"

ಆ ಸ್ಟೇಷನ್ ಮಾಸ್ಟರ್ ಮುಂದೂಡು ಸಾಹೇಬರು.

ಇಪ್ಪತ್ತನೆಯ ಸಲ ಮಡಿಸಿದ ಡಬ್ಬಿ ಒಂದು ಮಧ್ಯಾಹ್ನ ಮೂತಿಯೊಳಗೆ ಕೂತಿತು, ಮೂತಿ ರಾಕೆಟ್ಟಿನ ಮೇಲೆ ಕೂತಿತು, ರಾಕೆಟ್ಟು ಗೋಪುರದಲ್ಲಿ ನಿಂತಿತು. ಮರುದಿನ ಬೆಳಿಗ್ಗೆ ಹಾರಿಸುವುದು. ಅಕ್ಕ ಚೀಲ ಎಣಿಸಿ ಏಳೂ ಶೆಲ್ಫಿಗಿಟ್ಟು ಬಸ್ಸು ಹತ್ತಿದಳು. ನಾನು ಹಾರಿಕೆಯ ಮೂವತ್ತು ಪುಟದ ಪಟ್ಟಿ ಟೈಪ್ ಮಾಡುತ್ತಾ ಕೂತಿದ್ದೆ. ಮೇಜು ಕುಣಿದು ಕುಣಿದು ಒಂದು ಹಂತದಲ್ಲಿ ಕೋಣೆಯ ಬಾಗಿಲವರೆಗೂ ನಡೆದುಹೋಯಿತು. ನಾನೂ ಕುರ್ಚಿ ಎಳೆದುಕೊಂಡು ಹಿಂದೆಯೇ ಹೋದೆ. ಸಾಕಾಯಿತು. ಗೋಡೆಯ ಆಚೆ ಕೈ ಚಾಚಿ, ಶೆಲ್ಫಿನಿಂದ ಒಂದು ಮರಳುಚೀಲ ಎತ್ತಿ, ಮೋಟು ಕಾಲಿನ ಕೆಳಗೆ ತುರುಕಿದೆ. ಆಹಾ! ಆರು ವರ್ಷದಲ್ಲಿ ಮೊದಲ ಬಾರಿಗೆ ಮೇಜು ಮೇಜಿನಂತಿತ್ತು. ಬೆಳಿಗ್ಗೆ ವಾಪಸ್ ಇಟ್ಟರಾಯಿತು ಅಂದುಕೊಂಡೆ, ಮರೆತೆ.

ಮರುದಿನ ಮೊದಲ ಬಸ್ಸಿಗೇ ಅಕ್ಕ ಬಂದಳು. ತನ್ನ ಶೆಡ್ಡಿಗೆ ಹೋಗಿ ಒಂದು ನಿಮಿಷ ಇದ್ದು ನೇರ ನನ್ನ ಕೋಣೆಗೆ ಬಂದಳು. ಸಾಹೇಬರು ನನ್ನ ಪಕ್ಕ ನಿಂತು ಗಾಳಿಯ ವೇಗ ಬರೆಸುತ್ತಿದ್ದರು.

"ಸಾಹೇಬ್ರೇ, ಕೊಡೆ ಒಂದ್ಸಲ ಇಳಿಸಿ ನೋಡ್ಬೇಕು."

"ಯಾಕಮ್ಮಾ?"

"ಏನೋ ಅನುಮಾನ."

"ಅನುಮಾನ!" ಸಾಹೇಬರು ನಕ್ಕರು. ಆ ನಗುವಿಗಿಂತ ಅಳು ಚೆನ್ನಾಗಿರುತ್ತಿತ್ತು. "ಅಮ್ಮಾ, ಕನ್ನಡಿಯಲ್ಲಿ ಕಾಣೋದು ನಾನೇನಾ ಅಂತ ನನಗೆ ಅನುಮಾನ ಬಂದು ಎರಡು ತಿಂಗಳಾಯ್ತು. ಗಡಿಯಾರದವನಿಗೆ ಅನುಮಾನ, ಬ್ಯಾಟರಿಯವನಿಗೆ ಅನುಮಾನ. ಅನುಮಾನಕ್ಕೆಲ್ಲ ರಾಕೆಟ್ ಇಳಿಸ್ತಾ ಹೋದ್ರೆ ನನ್ನ ಮೊಮ್ಮಕ್ಕಳು ಬಂದು ಹಾರಿಸ್ಬೇಕಾಗುತ್ತೆ. ಇವತ್ತು ಗಾಳಿ ಇಲ್ಲ. ಹಾರಿಸ್ತೀನಿ."

ಅಕ್ಕ ಹೋಗಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತಳು. ಬೈಸಿಕೊಂಡು ಬೇಜಾರಾಯಿತು ಪಾಪ ಎಂದುಕೊಂಡೆ.

ಆಮೇಲೆ ಮೆಲ್ಲಗೆ ಹೇಳಿದಳು: "ಹಾಗಾದ್ರೆ ಇನ್ನೊಂದು ವಿಷಯ ಸಾಹೇಬ್ರೇ. ಶೆಲ್ಫಿನಲ್ಲಿ ಮರಳುಚೀಲ ಆರೇ ಇದೆ."

ಸಾಹೇಬರು ದೊಪ್ಪನೆ ನನ್ನ ಮೇಜಿನ ಅಂಚಿಗೆ ಕೂತರು. ಮೇಜು ಒಂದಿಷ್ಟೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ನಾನು. "ಸಾಹೇಬ್ರೇ, ಚೀಲ ಇಲ್ಲಿದೆ" ಎನ್ನಲು ಒಂದು ಉಸಿರು ಸಾಕಿತ್ತು. ಆ ಉಸಿರು ಬರಲಿಲ್ಲ. ಹತ್ತೊಂಬತ್ತು ಸಲ ಮುಂದೂಡಿದ ಮನುಷ್ಯನಿಗೆ "ನನ್ನ ಮೇಜಿನ ಕಾಲಿಗೋಸ್ಕರ ಇಪ್ಪತ್ತನೆಯದು" ಎಂದು ಹೇಳುವ ಧೈರ್ಯ ಯಾವ ಗಂಡಸಿಗಿದೆ?

ಕಟ್ಟಪ್ಪಣೆ ಕಟ್ಟಪ್ಪಣೆಯೇ. ರಾಕೆಟ್ಟಿನ ಮೂತಿ ಕಳಚಿದರು, ಕೆಳಗಿಳಿಸಿದರು, ಡಬ್ಬಿ ತೆಗೆದು ಉದ್ದನೆಯ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ನಾನು ಚೀಲ ಎಳೆದು ಶೆಲ್ಫಿನ ಹಿಂದಕ್ಕೆ ಎಸೆದಿದ್ದೆ. ಅಕ್ಕ ನಮ್ಮೆಲ್ಲರಿಗೂ ಬೆನ್ನು ಮಾಡಿ ನಿಂತು ಮುಚ್ಚಳ ಬಿಚ್ಚಿದಳು, ಮೊಣಕೈವರೆಗೂ ಕೈ ಹಾಕಿದಳು, ಒಂದೊಂದೇ ಮಡಿಕೆ ಬಿಡಿಸಿದಳು. ಹೊರಗೆ ತಗಡು ಬಡಿದುಕೊಳ್ಳಲು ಶುರುವಾಯಿತು. ಗಾಳಿ ಎದ್ದಿತ್ತು.

ಅಕ್ಕ ತಿರುಗಿದಳು. ಮಣಿಕಟ್ಟಿನಲ್ಲಿ ಎಂದಿನಂತೆ ಕೆಂಪು ದಾರ. ಮುಖ ಬಿಳಿಚಿಕೊಂಡಿತ್ತು.

"ಚೀಲ ಇಲ್ಲ ಸಾಹೇಬ್ರೇ."

ಸಾಹೇಬರು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಟೈಪ್ ಮಾಡು," ಎಂದರು.

ಮಧ್ಯಾಹ್ನ ಅಕ್ಕನೇ ಶೆಲ್ಫಿನ ಹಿಂದಿನಿಂದ ಚೀಲ ಎತ್ತಿ, "ಇಲ್ಲೇ ಬಿದ್ದಿತ್ತು" ಎಂದು ತೋರಿಸಿದಳು. ಅಷ್ಟೇ ಸಾಕಾಯಿತು. ಅಂದು ಸಂಜೆ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ, ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಬ್ಯಾಟರಿಯವನು ಹಿಂದಿನ ಸೀಟಿನಿಂದ ಕೂಗಿದ:

"ಡ್ರೈವರಣ್ಣಾ, ನಿಮ್ಮ ಮನೆಯವರಿಗೆ ಏಳರವರೆಗೆ ಎಣಿಸೋದು ಕಷ್ಟ ಅಂತ ಕಾಣುತ್ತೆ!"

ಭಾವ ಗೇರು ಬದಲಿಸಿದರು. ಕನ್ನಡಿಯಲ್ಲೇ ಅವನನ್ನು ನೋಡಿದರು. "ನೀವು ಹನ್ನೊಂದು ಹಾರಿಸಿದ್ದೀರಲ್ಲ ಸ್ವಾಮಿ. ಎಷ್ಟು ವಾಪಸ್ ಬಂತು, ಅದನ್ನ ಎಣಿಸಿ ಹೇಳಿ. ಮನೆ ಬರೋಕೆ ಇನ್ನೂ ಟೈಮಿದೆ."

ಒಂದೇ ದಿನಕ್ಕೆ ಅಷ್ಟು ಮಾತು! ಆಮೇಲೆ ಎರಡು ದಿನ ಅವರು ಬಾಯಿ ತೆರೆಯಲಿಲ್ಲ ಅಂತ ಕೇಳಿದ್ದೇನೆ. ಅಕ್ಕ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬೆರಳು ಮಾತ್ರ ಕಾಗದದ ಚೂರೊಂದನ್ನು ಮಡಿಸುತ್ತಲೇ ಇತ್ತು.

ಇಪ್ಪತ್ತೊಂದನೆಯ ಸಲ ಮಡಿಸಿದಳು. ಆ ಸಲ ನಿದ್ದೆ ತಡೆಯಲು ಪ್ರತಿ ಕೆಲಸವನ್ನೂ ಬಾಯಿಬಿಟ್ಟು ಹೇಳಿಕೊಂಡು ಮಾಡಿದಳು. "ಹತ್ತನೇ ಪಟ್ಟಿ, ಒಳಗೆ. ಹನ್ನೊಂದನೇ ಪಟ್ಟಿ, ಒಳಗೆ. ದಾರ ತೆಗೆದೆ, ಕೈಗೆ ಸುತ್ತಿದೆ. ತೆಗೆದೆನಾ? ತೆಗೆದೆ." ಗೋಡೆಯ ಈಚೆ ನಾನು ಕುಣಿಯುವ ಮೇಜನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೂತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಗಾಳಿಯೂ ಸುಸ್ತಾಗಿ ಮಲಗಿತ್ತು. ನಮಗೆ ಸಂಭ್ರಮಪಡುವ ಶಕ್ತಿ ಇರಲಿಲ್ಲ. ಮರಳಿನ ಮೂಟೆಗಳ ಹಿಂದೆ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದೆವು. ಸಾಹೇಬರು ಎಣಿಸಿದರು. ರಾಕೆಟ್ಟು ಹೊರಟಿತು. ನೆಲ ಎಷ್ಟು ನಡುಗಿತೆಂದರೆ ನನ್ನ ಬಾಯಿಯಲ್ಲಿದ್ದ ಹಲ್ಲುಗಳು ಜಾಗ ಬದಲಿಸಿಕೊಂಡವು. ಆಮೇಲೆ ಬರೀ ಹೊಗೆಯ ಗೆರೆ, ಆಮೇಲೆ ಅದೂ ಇಲ್ಲ.

"ತಿರುಗಿತು," ಎಂದ ದೂರದರ್ಶಕದವನು. ಯಾರೂ ನಂಬಲಿಲ್ಲ.

ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಒಂದು ಕಿಡಿ. ಎರಡನೇ ಬೆಂಕಿ! ಮೇಲಿಂದ ಕೆಳಕ್ಕೆ, ಹಗಲಿನಲ್ಲೇ ಕಾಣುವಂತೆ, ಯಾರೋ ಬೆಳ್ಳಿಯ ಸೂಜಿಯಿಂದ ಆಕಾಶ ಹೊಲಿದ ಹಾಗೆ ಒಂದು ಗೆರೆ. ಅದೂ ಆರಿತು. ನಾನು ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು.

"ಏ, ನೋಡೇ," ಎಂದರು ಭಾವ. "ನೋಡೇ ಮಾರಾಯ್ತಿ!"

ಬಯಲಿನ ಮೇಲೆ ಬಿಳಿ ಚುಕ್ಕೆ. ಚುಕ್ಕೆ ಬಟ್ಟಲಾಯಿತು, ಬಟ್ಟಲು ಕೊಡೆಯಾಯಿತು. ಇಪ್ಪತ್ತೊಂದು ಸಲ ಮಡಿಸಿದ ಬಟ್ಟೆ ಮೊದಲ ಸಲ ಮೈ ಬಿಟ್ಟುಕೊಂಡು ತೂಗಾಡುತ್ತಾ ಇಳಿಯುತ್ತಿತ್ತು. ಅದರ ಕೆಳಗೆ ಇಷ್ಟೇ ಇಷ್ಟು ಕರಿ ಮೂತಿ.

ಅಕ್ಕ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಒಂದು ಪಟ್ಟಿ ಹರಿದಿದೆ," ಎಂದಳು. ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ನಾವು ಮೂತಿ ತರಲು ಜೀಪು ಹತ್ತುವ ಹೊತ್ತಿಗೆ ಅಲ್ಲೇ ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದಳು. ಯಾರೂ ಎಬ್ಬಿಸಲಿಲ್ಲ. ಬ್ಯಾಟರಿಯವನು ತನ್ನ ಟೋಪಿ ತೆಗೆದು ಅವಳ ಮುಖಕ್ಕೆ ಬಿಸಿಲು ಬೀಳದಂತೆ ಬಾಗಿಲಿಗೆ ಸಿಕ್ಕಿಸಿ ಬಂದ.

ಮನೆಯಲ್ಲಿ ಅತ್ತೆ ಕೇಳಿದರಂತೆ: "ಬಂತಾ ಗಾಡಿ?"

"ಬಂತು ಅತ್ತೆ."

"ಅಂತೂ! ಜನ ಇದ್ದರಾ?"

"ಇರಲಿಲ್ಲ ಅತ್ತೆ. ಖಾಲಿ ಬಂತು."

"ಖಾಲಿ ಗಾಡಿಗೆ ಇಷ್ಟು ವರ್ಷ ಕಾದ್ಯಾ?" ಎಂದು ಅವರು ಆ ಬದಿಗೆ ತಿರುಗಿ ಮಲಗಿದರಂತೆ.

ಕಾಗದ ಸಿಕ್ಕಿತು. ಸಾಹೇಬರಿಗೆ ಬೇಕಾಗಿದ್ದು ಅದರಲ್ಲಿತ್ತು. ಬೇಕಾಗಿದ್ದು ಸಿಕ್ಕಿದ ಮೇಲೆ ನಾವು ಬೇಡವಾದೆವು. ಎರಡು ತಿಂಗಳಲ್ಲಿ ಗೋಪುರ ಬಿಚ್ಚಿದರು. ಅಕ್ಕನನ್ನು ಗಾಡಿಗಳ ಟಾರ್ಪಾಲು ಹೊಲಿಯುವ ಕಡೆ ಹಾಕಿದರು. ಹದಿನಾಲ್ಕು ವರ್ಷ ಹೊಲಿದಳು. ಯಾವ ಟಾರ್ಪಾಲಿಗೂ ಆಕಾಶದಿಂದ ಇಳಿಯುವ ಕೆಲಸ ಇರಲಿಲ್ಲ. ನಾನು ಮಾತ್ರ ಆ ಹದಿನಾಲ್ಕು ವರ್ಷವೂ ಮೀಸೆಯ ಮಾತು ಹೇಳಿಕೊಂಡು ತಿರುಗಿದೆ. ಹೊಟ್ಟೆಯಲ್ಲಿ ಮರಳುಚೀಲ ಇಟ್ಟುಕೊಂಡವನು ಬಾಯಲ್ಲಾದರೂ ಹೊಗಳಬೇಡವೇ?

ಅವಳು ನಿವೃತ್ತಳಾದ ದಿನ ಬೀಳ್ಕೊಡುಗೆಯಲ್ಲಿ ಎದ್ದು ನಿಂತು, ಮತ್ತೆ ಅದೇ ಮಾತನ್ನು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಹಾರ ತೆಗೆದು ಎರಡು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿದಳು. ಎಲ್ಲ ಮುಗಿದ ಮೇಲೆ ನಾವಿಬ್ಬರೂ ಹಳೆಯ ಶೆಡ್ಡಿಗೆ ಹೋದೆವು. ಅಲ್ಲೀಗ ಮುರಿದ ಕುರ್ಚಿಗಳ ರಾಶಿ. ಉದ್ದನೆಯ ಮೇಜು ಇನ್ನೂ ಇತ್ತು, ಅದಕ್ಕೆ ಒರಗಿ ನಿಂತಳು.

"ಅಕ್ಕಾ, ಒಂದು ವಿಷಯ ಹದಿನಾಲ್ಕು ವರ್ಷದಿಂದ ಒಳಗೇ ಇಟ್ಕೊಂಡಿದ್ದೀನಿ."

"ಹೇಳೋ. ಕಾಲು ನೋಯ್ತಿದೆ, ಚಿಕ್ಕದಾಗಿ ಹೇಳು."

"ಅವತ್ತು ಆ ಏಳನೇ ಚೀಲ... ನಾನೇ ತಗೊಂಡಿದ್ದು. ನನ್ನ ಮೇಜಿನ ಕಾಲಿನ ಕೆಳಗಿತ್ತು. ಎಲ್ಲರೂ ನಿನ್ನ ಬೈದ್ರು, ನಾನು ಬಾಯಿ ಬಿಡ್ಲಿಲ್ಲ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅವತ್ತಿಂದಲೇ. ಸಾಹೇಬ್ರು ಬೈದಾಗ ತಲೆ ತಗ್ಗಿಸಿದ್ನಲ್ಲ, ನಿನ್ನ ಮೇಜಿನ ಕೆಳಗೆ ಕಣ್ಣಿಗೆ ಬಿತ್ತು."

"ಮತ್ತೆ? ಕೊಡೆಯಲ್ಲಿ ಚೀಲ ಇಲ್ಲ ಅಂತ ಗೊತ್ತಿದ್ದೂ ರಾಕೆಟ್ ಇಳಿಸಿದ್ಯಾ?"

"ನಾನೇನು ಸುಳ್ಳು ಹೇಳಿದ್ನಾ? ಶೆಲ್ಫಿನಲ್ಲಿ ಆರೇ ಇತ್ತು ಅಂದೆ. ಆರೇ ಇತ್ತು." ಅಕ್ಕ ಬಲಗೈಯಿಂದ ಎಡಗೈ ಮಣಿಕಟ್ಟು ಸವರಿಕೊಂಡಳು. "ಹಿಂದಿನ ದಿನ ಮನೆಗೆ ಹೋಗಿ ಪಾತ್ರೆ ತೊಳೆಯೋವಾಗ ನೋಡ್ತೀನಿ, ಕೈಯಲ್ಲಿ ಕೆಂಪು ದಾರ ಇಲ್ಲ. ಮೊಳೆಗೆ ಹಾಕಿದ್ನೋ, ಒಳಗೇ ಬಿಟ್ನೋ, ನೆನಪಿಲ್ಲ. ನಿದ್ದೆಗಣ್ಣಲ್ಲಿ ಮಡಿಸಿದ್ದು. ಅನುಮಾನ ಅಂದ್ರೆ ಇಳಿಸಲ್ಲ ಅಂದ್ರು ಸಾಹೇಬ್ರು. ಲೆಕ್ಕ ತಪ್ಪಿದೆ ಅಂದ್ರೆ ಇಳಿಸಲೇಬೇಕು. ನೀನು ಕದ್ದಿದ್ದು ಒಳ್ಳೇದಾಯ್ತು, ಇಲ್ದಿದ್ರೆ ನಾನೇ ಒಂದು ಚೀಲ ಬಚ್ಚಿಡಬೇಕಿತ್ತು."

"ದಾರ ಒಳಗಿತ್ತಾ?"

"ಇತ್ತು. ಹಗ್ಗಕ್ಕೆ ಬಿಗಿಯಾಗಿ ಕಟ್ಟಿಕೊಂಡೇ ಇತ್ತು. ನಿಮಗೆಲ್ಲ ಬೆನ್ನು ಮಾಡಿ ಬಿಚ್ಚಿ ಕೈಗೆ ಸುತ್ತಿಕೊಂಡೆ. ಅಷ್ಟು ಜನ ನಿಂತಿದ್ರಿ, ಒಬ್ಬರಾದ್ರೂ ಕಂಡ್ರಾ?"

ನಾನು ಕುರ್ಚಿಯ ರಾಶಿಯಿಂದ ಒಂದನ್ನು ಎಳೆದು ಕೂತೆ. ಅದರ ಒಂದು ಕಾಲು ಮೋಟು. ಅಕ್ಕ ನನ್ನ ಮುಖವನ್ನು, ಮುಖ್ಯವಾಗಿ ಮೂಗಿನ ಕೆಳಗಿನ ಭಾಗವನ್ನು, ಒಂದು ಗಳಿಗೆ ಅಳತೆ ತೆಗೆಯುವವಳಂತೆ ನೋಡಿದಳು.

"ಹದಿನಾಲ್ಕು ವರ್ಷದಿಂದ ಊರೆಲ್ಲ ಕೂಗ್ಕೊಂಡು ಬಂದ್ಯಲ್ಲ, ಒಂದೇ ಒಂದು ತಪ್ಪು ತೋರಿಸಿ ಅಂತ. ಇಗೋ, ತೋರಿಸಿದ್ದೀನಿ. ಕ್ಷೌರದ ಅಂಗಡಿ ಮುಚ್ಚೋಕೆ ಇನ್ನೂ ಒಂದು ಗಂಟೆ ಇದೆ, ಎದ್ದೇಳು."